ಭೂತಬಂಗಲೆಯಲ್ಲಿದ್ದ ಕಂಬಳಿ

ಮಾಯವ್ವಾ, ಆ ಕಂಬಳಿಯ ಮೂಲೆಯಲ್ಲಿ ಕೆಂಪು ಗಂಟು ಇತ್ತು. ನೀನು ಹೇಳಿದ್ದು ಖರೆ. ಸುಳ್ಳು ಹೇಳಿದವನು ನಾನು — ನಿನ್ನ ಏಳನೇ ಇಯತ್ತೆಯ ಮಾಸ್ತರ.

ಈ ಒಂದು ಸಾಲು ಬರೆಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕದು. ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡ. ಈ ಕಾಗದ ನಾಳೆ ಯಾರ ಕೈಗೆ ಬಿದ್ದರೂ ತಪ್ಪು ಯಾರದು ಎಂದು ಅವರಿಗೆ ತಿಳಿಯಬೇಕು. ನನ್ನ ಮಾತಿನ ಮೇಲೆ ಜನಕ್ಕೆ ಇರುವ ನಂಬಿಕೆಯನ್ನು ನಾನೇ ತೆಗೆಯಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಕುಲಗೋಡದ ಆಚೆ ನಮ್ಮ ತೋಟದ ಶಾಲೆಯಲ್ಲಿ ನನಗೆ ಒಂದು ಅಡ್ಡಹೆಸರಿತ್ತು, ನಿನಗೆ ನೆನಪಿದೆ — ರೈಲು ಬಿಡುವ ಮಾಸ್ತರ. ನನಗೆ ಅದರ ಬಗ್ಗೆ ಸಿಟ್ಟಿರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು. ಪತ್ರಿಕೆಯ ರವಿವಾರದ ಪುರವಣಿಯಲ್ಲಿ ಬರುವ ಸೋಜಿಗದ ಸುದ್ದಿಗಳನ್ನೆಲ್ಲ ಕತ್ತರಿಸಿ ಒಂದು ವಹಿಯಲ್ಲಿ ಅಂಟಿಸುತ್ತಿದ್ದೆ. ಆ ವರ್ಷ ಶಾಲೆಯ ಟ್ರಿಪ್ಪು ದೇವಸ್ಥಾನ, ಡ್ಯಾಮು ಬಿಟ್ಟು ಮೊದಲ ಸಲ ಒಂದು ಥೀಮ್ ಪಾರ್ಕಿಗೆ ಎಂದು ಗೊತ್ತಾದಾಗ, ಆ ವಹಿಯಲ್ಲಿದ್ದ ಪಾರ್ಕುಗಳ ಸುದ್ದಿಗಳನ್ನೆಲ್ಲ ಬಾಯಿಪಾಠ ಮಾಡಿದೆ. ಬಸ್ಸು ಗೋಕಾಕ ದಾಟುವ ಹೊತ್ತಿಗೆ ಶುರು ಹಚ್ಚಿಕೊಂಡೆ.

ಅಮೇರಿಕದ ಹೆಸರಾಂತ ಪಾರ್ಕಿನಲ್ಲಿ ಇಲಿ ಹಿಡಿಯಲೆಂದೇ ಬೆಕ್ಕುಗಳನ್ನು ಸಾಕಿದ್ದಾರೆ, ಜನ ಹೋದ ಮೇಲೆ ಅವುಗಳದೇ ರಾಜ್ಯ. ಅಲ್ಲಿಯ ಸುಳ್ಳು ಗುಡ್ಡದ ಹೊಟ್ಟೆಯೊಳಗೆ ಕೆಲಸದವರು ಚೆಂಡಾಟ ಆಡುವ ಜಾಗವಿದೆ. ಒಬ್ಬ ಮನುಷ್ಯ ಮಿಠಾಯಿ ತಿಂದು ಮುಗಿಸುವಷ್ಟು ಹೆಜ್ಜೆಗೆ ಒಂದು ಕಸದ ಡಬ್ಬಿ ಇಟ್ಟಿದ್ದಾರೆ. ಇವು ಪತ್ರಿಕೆಯವು. ಇನ್ನು ನನ್ನವು — ಜಪಾನಿನಲ್ಲಿ ಒಬ್ಬನ ಕಟ್ಟಿಸಿದ ಹಲ್ಲು ತಿರುಗುವ ರೈಲಿನಿಂದ ಹಾರಿ ಹಿಂದಿನ ಡಬ್ಬಿಯವನ ಭುಜ ಕಚ್ಚಿತು. ಇನ್ನೊಂದು ಕಡೆ ಕರಿಗೂದಲಿನವನು ರೈಲು ಹತ್ತಿ ಬಿಳಿಗೂದಲಿನವನಾಗಿ ಇಳಿದ. ನೀವೆಲ್ಲ ಹೊಟ್ಟೆ ಹಿಡಿದು ನಕ್ಕಿರಿ. ನೀನೂ ನಕ್ಕೆ ಮಾಯವ್ವಾ. ಅಪ್ಪ ಕಾಣೆಯಾದ ಎರಡು ವರ್ಷದಲ್ಲಿ ನೀನು ಬಾಯಿ ತೆರೆದು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು, ಅದಕ್ಕೇ ನಿಲ್ಲಿಸಲು ಮನಸ್ಸಾಗಲಿಲ್ಲ — ಇದನ್ನು ನೆಪ ಎಂದು ಓದಬೇಡ. ಇದ್ದದ್ದನ್ನು ಬರೆಯುತ್ತಿದ್ದೇನೆ ಅಷ್ಟೇ.

ಆಮೇಲೆ ಎರಡು ಮಾತು ಹೇಳಿದೆ. ಆ ಅಮೇರಿಕದ ಪಾರ್ಕಿನೊಳಗೆ ಯಾರೂ ಸಾಯುವುದಿಲ್ಲ, ಸತ್ತರೂ ಗೇಟಿನ ಹೊರಗೆ ಒಯ್ದ ಮೇಲೇ ಡಾಕ್ಟರು ಸತ್ತ ಎನ್ನುವುದು — ಹೀಗೊಂದು ಕತೆ ಅಲ್ಲಿಯ ಜನರ ಬಾಯಲ್ಲಿದೆ. ಇನ್ನೊಂದು, ಅಲ್ಲಿಯ ಕತ್ತಲೆಯ ಆಟದಲ್ಲಿ ಮೊದಮೊದಲು ಇಟ್ಟಿದ್ದು ಖರೆ ಮನುಷ್ಯರ ಎಲುಬುಗಳಂತೆ, ಆಮೇಲೆ ತೆಗೆದರಂತೆ. ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ದನಿ ಇಳಿಸಿ ಹೇಳಿದೆ: "ನಾವು ಹೊಂಟ ಪಾರ್ಕಿನ್ಯಾಗೂ ಭೂತಬಂಗಲೆ ಐತಿ. ಅಲ್ಲಿ ಒಂದು ಎಲುಬಿನ ಗೂಡು ಖರೇದ ಐತಂತ. ಯಾರೋ ವಾರಸದಾರ ಇಲ್ಲದ ಮನಿಷ್ಯಾಂದು." ಬಸ್ಸು ಗಪ್ಪಾಯಿತು. ನನಗೆ ಆ ಗಪ್ಪೇ ಬೇಕಾಗಿತ್ತು.

ನಿಮ್ಮಪ್ಪ ಬೀರಪ್ಪನನ್ನು ನಾನು ಚೆನ್ನಾಗಿ ಬಲ್ಲೆ. ಇದನ್ನು ನಿನಗೆ ಯಾವತ್ತೂ ಹೇಳಲಿಲ್ಲ. ನನ್ನೂರು ಬೆಲ್ಲದ ಬಾಗೇವಾಡಿಯಲ್ಲಿ ನಮ್ಮ ಹೊಲಕ್ಕೆ ಗೊಬ್ಬರ ಆಗಲಿ ಎಂದು ಎರಡು ವರ್ಷ ಅವನ ಕುರಿ ನಿಲ್ಲಿಸಿಕೊಂಡಿದ್ದೆವು. ನಾನು ಹೋದಾಗ ನೆಲದ ಮೇಲೆ ತನ್ನ ಕಂಬಳಿ ಹಾಸಿ, "ಕುಂಡರ್ರಿ ಮಾಸ್ತರ" ಎನ್ನುತ್ತಿದ್ದ. ಅದರ ಮೂಲೆಯಲ್ಲಿ ಬಿಳಿ ನೂಲಿನ ಮೂರು ಗಂಟು, ನಡುವೆ ಕೆಂಪು ನೂಲಿನದೊಂದು. ಇದೇನು ಎಂದು ಕೇಳಿದ್ದೆ. ನಾಲ್ಕಾರು ಮನೆಯವರು ಕುರಿ ಕೂಡಿಸಿಕೊಂಡು ಬಯಲಲ್ಲಿ ಮಲಗಿದಾಗ ಎಲ್ಲರ ಕಂಬಳಿಯೂ ಕರಿಯವೇ, ಬದಲಾಗುತ್ತವೆ, ಅದಕ್ಕೆ ಮನೆಗೊಂದು ಗುರುತು ಎಂದ. "ಬಿಳೇವು ಎಲ್ಲಾರೂ ಹಾಕ್ತಾರ್ರಿ. ಕೆಂಪಂದು ನಮ್ಮ ಮಾಯವ್ವ ಹಾಕ್ಯಾಳ" ಎಂದು ನಕ್ಕ. ಮುಂದಿನ ಮೇವು ಎಲ್ಲಿದೆ ನೋಡಿ ಬರುತ್ತೇನೆಂದು ಒಂದು ಮುಂಜಾನೆ ಕುರಿ ಬಿಟ್ಟು ಹೊರಟವನು ಹೊಳ್ಳಿ ಬರಲಿಲ್ಲ. ಆಗ ಹೊದ್ದಿದ್ದೂ ಅದೇ ಕಂಬಳಿ.

ಭೂತಬಂಗಲೆಗೆ ಮಕ್ಕಳನ್ನು ಕರೆದೊಯ್ಯಬೇಡಿ ಎಂದು ಹೆಡ್‌ಮಾಸ್ತರರು ಪಾರ್ಕಿನ ಗೇಟಿನಲ್ಲೇ ಹೇಳಿದ್ದರು. ಅವರು ಗಂಡು ಹುಡುಗರನ್ನು ನೀರಿನ ಆಟಕ್ಕೆ ಕರೆದುಕೊಂಡು ಹೋದದ್ದೇ ತಡ, ನಾನು ನಿಮ್ಮನ್ನು ಒಳಗೆ ನುಗ್ಗಿಸಿದೆ. ನನ್ನ ಕತೆಗೆ ನೀವು ಅಂಜುವುದನ್ನು ಕಣ್ಣಾರೆ ನೋಡಬೇಕಿತ್ತು. ಮೂರನೇ ತಿರುವಿನಲ್ಲಿ ಕೆಂಪು ದೀಪ ಹತ್ತಿತು, ಎದುರಿಗೆ ಒಂದು ಅಸ್ಥಿಪಂಜರ ಎದ್ದು ನಿಂತಿತು, ಹೆಗಲ ಮೇಲೆ ಕರೀ ಕಂಬಳಿ. ಹುಡುಗಿಯರೆಲ್ಲ ಚೀರಿದರು. ನೀನು ಚೀರಲಿಲ್ಲ. ನೀನು ಸಾಲು ಬಿಟ್ಟು, ಕಟಾಂಜನ ದಾಟಿ, ಅದರ ಹತ್ತಿರ ಹೋಗಿ ಕಂಬಳಿಯ ಅಂಚು ಹಿಡಿದು ಹುಡುಕತೊಡಗಿದೆ — ಒಂದು ಮೂಲೆ, ಇನ್ನೊಂದು ಮೂಲೆ. ಆಮೇಲೆ "ಅಪ್ಪಾ" ಎಂದೆ. ಎರಡು ಕೈಯಿಂದ ಆ ಎಲುಬಿನ ಗೂಡನ್ನು ತಬ್ಬಿಕೊಂಡೆ.

ಕೆಲಸದವನು ಬಂದು ದೀಪ ಹಾಕಿದ. ಬೆಳಕಿನಲ್ಲಿ ಅದು ಬರೀ ಪ್ಲಾಸ್ಟಿಕ್ಕು, ಕಾಲಿಗೆ ತಂತಿ ಕಟ್ಟಿತ್ತು. ಅದನ್ನು ನೀನೂ ನೋಡಿದೆ. ನೋಡಿಯೂ ಬಿಡಲಿಲ್ಲ. "ಸರ, ಎಲಬು ಯಾರದರೆ ಇರಲ್ರಿ, ಕಂಬಳಿ ನಮ್ಮಪ್ಪಂದು. ಕೆಂಪು ಗಂಟ ನಾನ ಹಾಕೇನಿ" ಎಂದೆ. ಎಷ್ಟು ಸರಿಯಾಗಿ ಮಾತಾಡಿದೆ ನೀನು — ಹದಿಮೂರು ವರ್ಷದ ಹುಡುಗಿ. ಪ್ಲಾಸ್ಟಿಕ್ಕು ಸುಳ್ಳು, ಕಂಬಳಿ ಖರೆ ಎಂದು ಬಿಡಿಸಿ ಹೇಳಿದೆ. ನಲವತ್ತೈದು ದಾಟಿದ ನನಗೆ ಅಷ್ಟು ಬುದ್ಧಿ ಇರಲಿಲ್ಲ ಎನ್ನೋಣವೇ? ಇತ್ತು. ಬುದ್ಧಿ ಇತ್ತು. ಅದೇ ತೊಂದರೆ.

ನಿನ್ನನ್ನು ಬೇರೆ ಹುಡುಗಿಯರ ಕೈಗೆ ಕೊಟ್ಟು ಹೊರಗೆ ಕಳಿಸಿದೆ. ನಾನು ಒಳಗೆ ನಿಂತೆ. ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ತರರು ಸಿಟ್ಟಿನಲ್ಲಿ ಬಂದರು. ಬಾಗಿಲಲ್ಲಿ ನೀನು ಅವರ ಹಿಂದೆಯೇ ನಿಂತಿದ್ದೆ. ಏನಿದೆಲ್ಲ ಎಂದು ಅವರು ಕೇಳಿದರು. ನನ್ನ ಎಡಗೈಯಲ್ಲಿ ಕಂಬಳಿಯ ಆ ಮೂಲೆ ಇತ್ತು. ಹೇಳಿದೆ:

"ಹುಡಿಗಿ ಸುಳ್ಳ ಹೇಳಾಕತ್ತಾಳ್ರಿ ಸರ. ಕೆಂಪು ಗಂಟ ಇಲ್ಲ. ನಾ ನೋಡೇನಿ."

ಅವರು ಮೊಬೈಲಿನ ಬೆಳಕು ಬಿಟ್ಟು ತಾವೂ ನೋಡಿದರು. ಮೂರು ಬಿಳಿ ಗಂಟು ಇದ್ದವು, ಎಲ್ಲ ಕಂಬಳಿಗೂ ಇರುವಂಥವು. ಕೆಂಪು ಇರಲಿಲ್ಲ. ಅವರು ನಿನ್ನ ಕಡೆ ತಿರುಗಿ ಬೈದರು. ನೀನು ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದೆ.

ನನಗೇನು ಲಾಭ ಎಂದು ನೀನು ಕೇಳಬಹುದು. ಆ ವರ್ಷ ನಮ್ಮೂರಿನ ಕಡೆಗೆ ವರ್ಗ ಮಾಡಿಸಿಕೊಳ್ಳುವ ಅರ್ಜಿ ಹಾಕಿದ್ದೆ, ಅದಕ್ಕೆ ಹೆಡ್‌ಮಾಸ್ತರರ ಒಳ್ಳೆಯ ಮಾತು ಬೇಕಿತ್ತು. ಕಂಬಳಿ ಖರೆ ಎಂದಿದ್ದರೆ ಪೊಲೀಸರು ಬರುತ್ತಿದ್ದರು, ಹುಡುಗಿಯರನ್ನು ಭೂತಬಂಗಲೆಗೆ ಯಾರು ಒಯ್ದರು, ಬಸ್ಸಿನಲ್ಲಿ ಎಲುಬಿನ ಕತೆ ಯಾರು ಹೇಳಿದರು ಎಂದೆಲ್ಲ ಬರುತ್ತಿತ್ತು. ಜೂನಿನಲ್ಲಿ ವರ್ಗವೂ ಆಯಿತು. ಮನೆಯಲ್ಲಿ ಹೋಳಿಗೆ ಮಾಡಿದ್ದರು, ತಿಂದೆ.

ಹೊಳ್ಳಿ ಬರುವಾಗ ಬಸ್ಸಿನಲ್ಲಿ ಯಾರೋ "ಮಾಯವ್ವ ಎಲಬಿಗೆ ಅಪ್ಪಾ ಅಂದ್ಲು" ಎಂದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೊಂದು ಕತೆ ಹೇಳ್ರಿ ಸರ ಎಂದರು. ಹೇಳಿದೆ. ನೀನು ಕಿಟಕಿಗೆ ಹಣೆ ಹಚ್ಚಿ ಕೂತಿದ್ದೆ.

ಮುಂದಿನ ವಾರ ನಿಮ್ಮವ್ವ ಬಾಳವ್ವ ಶಾಲೆಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೊರಗೇ ನಿಂತಳು. "ಮಾಸ್ತರ, ನೀವು ಕಲ್ತಾವ್ರು. ನನ್ನ ಮಗಳು ಊಟ ಬಿಟ್ಟಾಳ. ಖರೆ ಹೇಳ್ರಿ, ಗಂಟ ಇತ್ತೇನ್ರಿ?" ಎಂದಳು. ಅದು ದೇವರು ಕೊಟ್ಟ ಎರಡನೇ ಅವಕಾಶ. ಅಲ್ಲಿ ಹೆಡ್‌ಮಾಸ್ತರರೂ ಇರಲಿಲ್ಲ, ನಿಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. "ಇಲ್ಲಬೇ ಬಾಳವ್ವ. ಹುಡಿಗಿ ಅಂಜ್ಯಾಳ" ಎಂದೆ. ಆಕೆ ಕೈ ಮುಗಿದಳು. ಹಿಂದೆ ನಿಂತಿದ್ದ ನಿನ್ನ ಕೆನ್ನೆಗೆ ನನ್ನ ಎದುರಿಗೇ ಒಂದು ಹೊಡೆದಳು — ಸುಳ್ಳು ಹೇಳಿ ಆಸೆ ಹಚ್ಚಿದ್ದಕ್ಕೆ. ಆ ಏಟು ಯಾರಿಗೆ ಬೀಳಬೇಕಿತ್ತು ಎಂದು ನನಗೆ ಆಗಲೇ ಗೊತ್ತಿತ್ತು.

ಎಲಬಿನ ಮಾಯವ್ವ ಎಂದು ಕರೆಯುವುದನ್ನು ಹುಡುಗರು ಬಿಡಲಿಲ್ಲ. ನಿನ್ನನ್ನು ಮೇಲವಂಕಿಯ ಸೋದರಮಾವನ ಮನೆಗೆ ಕಳಿಸಿದರು. ನಿಮ್ಮ ದೈವದ ಹಿರಿಯರು ಬಾಳವ್ವನಿಗೆ, ಅವನು ಬರುವುದಿಲ್ಲ, ಅವನದೊಂದು ಸಾಮಾನು ಮಣ್ಣಿಗೆ ಇಟ್ಟು ಕರ್ಮ ಮುಗಿಸೋಣ ಎಂದರಂತೆ. ಆಕೆ ಒಪ್ಪಲಿಲ್ಲವಂತೆ. "ಅಂವಾ ಹೊತ್ತಕೊಂಡ ಹೋದ ಕಂಬಳಿ ನನ್ನ ಕೈಗೆ ಬರೂತನಾ ನಾ ಮುತ್ತೈದಿನ" ಎಂದಳಂತೆ. ಇದೆಲ್ಲ ನನಗೆ ಗಾಳಿಮಾತಿನಲ್ಲಿ ಮುಟ್ಟಿತು. ಕೇಳಿ ಸುಮ್ಮನಾದೆ, ಬೇರೆ ಊರಿನಲ್ಲಿದ್ದವನಿಗೆ ಸುಮ್ಮನಾಗುವುದು ಸುಲಭ.

ನಿವೃತ್ತಿಯಾದ ವರ್ಷ ಕುಲಗೋಡದಲ್ಲಿ ಒಂದು ಮದುವೆ. ಗೋಕಾಕದಲ್ಲಿ ಬಸ್ಸು ಹತ್ತಿದೆ. ಖಾಕಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ಟಿನ ಮಶಿನ್ನು — ಕಂಡಕ್ಟರ್ ನೀನು. ನಾನು ಗುರುತು ಹಿಡಿಯುವ ಮೊದಲೇ ನೀನು ಹಿಡಿದೆ. ಕೂತಿದ್ದ ಒಬ್ಬರನ್ನು ಎಬ್ಬಿಸಿ ನನಗೆ ಸೀಟು ಕೊಡಿಸಿದೆ. ಟಿಕೆಟ್ಟು ಕೈಗಿಟ್ಟು, "ಈಗೂ ಕತಿ ಹೇಳ್ತೀರೇನ್ರಿ ಸರ?" ಎಂದೆ. ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ಇವತ್ತಿಗೂ ತಿಳಿದಿಲ್ಲ. ಇರಲಿಲ್ಲ ಎಂದೇ ಅನಿಸುತ್ತದೆ, ಅದೇ ಹೆಚ್ಚು ನೋವು.

ಆ ತಿಂಗಳೇ ಯಾರಿಗೂ ಹೇಳದೆ ಆ ಪಾರ್ಕಿಗೆ ಹೋದೆ. ಬಿಳಿಗೂದಲಿನ ಮನುಷ್ಯ ಒಬ್ಬನೇ ಭೂತಬಂಗಲೆಯ ಬಾಗಿಲಲ್ಲಿ ನಿಂತರೆ ಯಾರಿಗೂ ವಿಚಿತ್ರವೇ. ಬಂಗಲೆ ಮುಚ್ಚಿತ್ತು, ಒಳಗಿನ ಸಾಮಾನು ಹಿಂದಿನ ಶೆಡ್ಡಿನಲ್ಲಿ ಬಿದ್ದಿತ್ತು. ಹಳೆಯ ಕೆಲಸದವನೊಬ್ಬ ಕಂಬಳಿಯನ್ನು ಹುಡುಕಿ ತೆಗೆದ. ಇದು ಎಲ್ಲಿಂದ ಬಂತಪ್ಪಾ ಎಂದೆ. ಅವನು ಗೇಟಿನ ಕಡೆ ಕೈ ಮಾಡಿದ. ರಸ್ತೆಯ ಆಚೆ ಅನಾಥರನ್ನು ನೋಡಿಕೊಳ್ಳುವ ಒಂದು ಆಶ್ರಮ. ಭೂತಗಳಿಗೆ ಉಡಿಸಲು ಹಳೇ ಬಟ್ಟೆ ಬೇಕೆಂದಾಗ ಅಲ್ಲಿಂದ ಕೇಳಿ ತಂದಿದ್ದರು. ಇಷ್ಟೇ. ಅವತ್ತು ನಾನು ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ, ಉತ್ತರ ಸಿಗಲು ಎರಡು ನಿಮಿಷವೂ ಹಿಡಿಯಲಿಲ್ಲ.

ರಸ್ತೆ ದಾಟಿದೆ. ಆಶ್ರಮದ ದಪ್ಪ ಪುಸ್ತಕದಲ್ಲಿ ಒಂದು ಫೋಟೋ ಅಂಟಿಸಿದ್ದರು. ತಲೆಗೆ ಪಟ್ಟಿ, ಒಂದು ಕಣ್ಣು ಬಾತಿದೆ, ಆದರೂ ಬೀರಪ್ಪನೇ. ಹೆದ್ದಾರಿಯಲ್ಲಿ ಯಾವುದೋ ಗಾಡಿ ಬಡಿದು ಹೋಗಿತ್ತು, ಆಸ್ಪತ್ರೆಯಿಂದ ಇಲ್ಲಿಗೆ ತಂದಿದ್ದರು. ಹೆಸರಿನ ಜಾಗದಲ್ಲಿ ಗೊತ್ತಿಲ್ಲ ಎಂದಿತ್ತು. ಮಾತು ಬರುವುದಿಲ್ಲ, ಮೇಲೆ ಕಂಬಳಿ ಇತ್ತು ಎಂದಿತ್ತು.

ಮಾಯವ್ವಾ, ಈಗ ಬರೆಯುವುದನ್ನು ಕೂತು ಓದು. ನಾವು ಅಲ್ಲಿಗೆ ಹೋದ ದಿನ ನಿಮ್ಮಪ್ಪ ಜೀವಂತವಾಗಿದ್ದ. ಅದಾದ ಮೇಲೂ ಮೂರು ವರ್ಷ ಬದುಕಿದ್ದ. ನಮ್ಮ ಬಸ್ಸು ನಿಂತಿದ್ದು, ನೀವೆಲ್ಲ ಕೂತು ಬುತ್ತಿಯ ರೊಟ್ಟಿ ಬಿಚ್ಚಿದ್ದು ಆ ಆಶ್ರಮದ ಗೋಡೆಯ ನೆರಳಿನಲ್ಲಿ.

ಅಲ್ಲಿ ಅಡಿಗೆ ಮಾಡುವ ಮುದುಕಿಗೆ ಅವನ ನೆನಪಿತ್ತು. ಕೂಗಾಡುವವನಲ್ಲ, ಬಲು ಸಮಾಧಾನದ ಮನುಷ್ಯ ಎಂದಳು. ಸಂಜೆಯಾದರೆ ಮಾತ್ರ ಗೇಟಿಗೆ ಬಂದು ನಿಲ್ಲುತ್ತಿದ್ದನಂತೆ. ಎದುರಿಗೆ ಪಾರ್ಕಿನ ಜಾಯಂಟ್ ವೀಲ್ ತಿರುಗುತ್ತಿರುತ್ತಿತ್ತು, ಆದರೆ ಅವನು ಅದನ್ನು ನೋಡುತ್ತಿರಲಿಲ್ಲವಂತೆ. ನೆಲ ನೋಡುತ್ತ ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದನಂತೆ. ನಡುವೆ ಯಾರಾದರೂ ಹಾದುಹೋದರೆ ಮತ್ತೆ ಮೊದಲಿನಿಂದ. "ಏನ ಎಣಿಸ್ತಿದ್ನೋ ಯಾರಿಗೂ ತಿಳೀಲಿಲ್ರಿ" ಎಂದಳು. ನನಗೆ ತಿಳಿಯಿತು. ನಮ್ಮ ಹೊಲದ ಹಟ್ಟಿಯ ಬಾಯಲ್ಲಿ ನಿಂತು ಕುರಿ ಒಳಗೆ ಬಿಟ್ಟುಕೊಳ್ಳುವಾಗ ಅವನು ಹಾಗೇ ಎಣಿಸುತ್ತಿದ್ದ. ನಾನು ಅಲ್ಲಿಯೇ ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಅತ್ತೆ. ಆ ಮುದುಕಿ ನನ್ನನ್ನು ಅವನ ಅಣ್ಣ ಎಂದುಕೊಂಡು ನೀರು ತಂದುಕೊಟ್ಟಳು. ಅಲ್ಲ ಎನ್ನಲು ಅವತ್ತೂ ಬಾಯಿ ಬರಲಿಲ್ಲ.

ಆಶ್ರಮದವರೇ ಮಣ್ಣು ಮಾಡಿದ್ದಾರೆ. ಜಾಗ ನೋಡಿ ಬಂದಿದ್ದೇನೆ, ಒಂದು ಬೇವಿನ ಗಿಡ ಇದೆ. ಕತೆಯಲ್ಲಿ ಹೇಳಿದ್ದೆನಲ್ಲ, ಪಾರ್ಕಿನ ಒಳಗೆ ಯಾರೂ ಸಾಯುವುದಿಲ್ಲ, ಸಾವೆಲ್ಲ ಗೇಟಿನ ಹೊರಗೆ ಎಂದು. ಅದನ್ನು ಇನ್ನು ಮೇಲೆ ನಾನು ಯಾರ ಮುಂದೆಯೂ ಹೇಳಲಾರೆ.

ಇನ್ನೊಂದು ಉಳಿದಿದೆ. ಮೊದಲ ಸಾಲಿನಲ್ಲಿ ಗಂಟು ಇತ್ತು ಎಂದು ಬರೆದೆ. ಹಾಗಾದರೆ ಹೆಡ್‌ಮಾಸ್ತರರಿಗೆ ಅದು ಯಾಕೆ ಕಾಣಲಿಲ್ಲ — ಇದು ನಿನ್ನನ್ನು ಇಷ್ಟು ವರ್ಷ ತಿಂದಿರಬೇಕು. ನೀನೇ ತಪ್ಪು ನೋಡಿದೆಯೋ ಏನೋ ಎಂದು ನಿನ್ನ ಕಣ್ಣನ್ನೇ ನೀನು ನಂಬದೆ ಹೋಗಿರಬೇಕು. ನಿನ್ನ ಕಣ್ಣು ಸರಿ ಇತ್ತು. ನಿನ್ನನ್ನು ಹೊರಗೆ ಕಳಿಸಿದ ಮೇಲೆ ಹೆಡ್‌ಮಾಸ್ತರರ ದನಿ ಬಾಗಿಲಲ್ಲಿ ಕೇಳಿತು. ಕೆಲಸದವನು ಬೆನ್ನು ತಿರುಗಿಸಿ ತಂತಿ ಸರಿಮಾಡುತ್ತಿದ್ದ. ಉಗುರಿನಿಂದ ಬಿಚ್ಚಲು ನೋಡಿದೆ, ಬರಲಿಲ್ಲ, ನೀನು ಅಷ್ಟು ಬಿಗಿಯಾಗಿ ಹಾಕಿದ್ದೆ. ಬಾಯಿಗೆ ಒಯ್ದು ಹಲ್ಲಿನಿಂದ ಕಚ್ಚಿ ಹರಿದೆ. ಉಣ್ಣೆಯ, ಧೂಳಿನ ರುಚಿ. ಆ ಕೆಂಪು ನೂಲನ್ನು ಕಿಸೆಯಲ್ಲಿ ಹಾಕಿಕೊಂಡೆ. ಹೊಳ್ಳಿ ಬರುವಾಗ, ನೀನು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಾಗ, ನಿನ್ನ ಹಿಂದಿನ ಕಿಟಕಿಯಿಂದ ಅದನ್ನು ಹೊರಗೆ ಬಿಟ್ಟೆ. ಮರುದಿನ ಮುಂಜಾನೆ ಸ್ನಾನ ಮಾಡಿ, ಅದೇ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದೆ. ಹದಿನಾಲ್ಕು ವರ್ಷ ಮಾಡಿದೆ.

ಪಾರ್ಕಿನ ಶೆಡ್ಡಿನಿಂದ ಕೇಳಿ ತಂದ ಕಂಬಳಿ ನನ್ನ ಹತ್ತಿರವಿದೆ. ಹುಳ ತಿಂದಿದೆ, ಮೂಲೆಯ ಮೂರು ಬಿಳಿ ಗಂಟು ಗಟ್ಟಿಯಾಗಿವೆ, ನಡುವೆ ಹರಿದ ಜಾಗ ಕಾಣುತ್ತದೆ. ಒಂದು ಚೀಲದಲ್ಲಿ ಹಾಕಿಕೊಂಡು ಮೂರು ಸಲ ನಿನ್ನ ಬಸ್ಸು ಹತ್ತಿದ್ದೇನೆ. ಮೂರು ಸಲವೂ ನೀನು "ಚೀಲ ಮ್ಯಾಲ ಇಡ್ರಿ ಸರ" ಎಂದೆ, ಮೇಲೆ ಇಟ್ಟೆ, ಇಳಿಯುವಾಗ ತೆಗೆದುಕೊಂಡು ಇಳಿದೆ. ನಿಮ್ಮಪ್ಪನ ಕಂಬಳಿ ನಿನ್ನ ತಲೆಯ ಮೇಲೆ ಗೋಕಾಕದಿಂದ ಕುಲಗೋಡದವರೆಗೆ ಹೋಗಿ ಹೊಳ್ಳಿ ಬಂತು, ನಿನಗೆ ತಿಳಿಯಲಿಲ್ಲ.

ನಾನು ಅಂಜುವುದು ಯಾವುದಕ್ಕೆ ಎಂದು ಕೇಳಿಕೊಂಡಿದ್ದೇನೆ. ನಿನ್ನ ಸಿಟ್ಟಿಗಲ್ಲ. ಇದನ್ನು ಕೈಗೆ ಕೊಟ್ಟ ಗಳಿಗೆಯಲ್ಲಿ ಬಾಳವ್ವ ಹಣೆಯ ಕುಂಕುಮ ಅಳಿಸಿಕೊಳ್ಳುತ್ತಾಳೆ. ಹನ್ನೊಂದು ವರ್ಷದ ಹಿಂದಿನ ಸಾವನ್ನು ನಾನು ಆಕೆಯ ಮನೆ ಬಾಗಿಲಿಗೆ ಒಯ್ಯಬೇಕು. ಒಯ್ಯದೇ ಇದ್ದರೆ ಆಕೆ ಕಾಯುತ್ತಲೇ ಇರುತ್ತಾಳೆ, ಅದೂ ನಾನೇ ಮಾಡಿದ್ದು. ಆಕೆಯ ಮೇಲಿನ ಕರುಣೆ ಎಂದು ಒಂದಷ್ಟು ದಿನ ನನ್ನನ್ನು ನಾನು ನಂಬಿಸಿಕೊಂಡೆ. ಕರುಣೆಯಲ್ಲ ಅದು, ಹೇಡಿತನ.

ಬರುವ ಸೋಮವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಹತ್ತುವಾಗಲೇ ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ, ಚೀಲ ಮೇಲೆ ಇಡುವುದಿಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ನಡುದಾರಿಯಲ್ಲಿ ಇಳಿಸಿದರೆ ಇಳಿದು ನಡೆದು ಬರುತ್ತೇನೆ. ನಿಮ್ಮ ಮನೆಯ ಮುಂದೆ ಚಪ್ಪಲಿ ಬಿಟ್ಟು ಹೊರಗೇ ನಿಲ್ಲುತ್ತೇನೆ, ಆಕೆ ಅವತ್ತು ನನ್ನ ಬಾಗಿಲಲ್ಲಿ ನಿಂತ ಹಾಗೆ. ಮಾತು ಆಡುವುದಿಲ್ಲ, ಕತೆ ಹೇಳುವುದಿಲ್ಲ, ಕಂಬಳಿಯನ್ನು ಆಕೆಯ ಕೈಗೆ ಇಡುತ್ತೇನೆ. ಬಾಳವ್ವ ಮೂಲೆ ಹುಡುಕುತ್ತಾಳೆ. ಗಂಟ ಇತ್ತೇನ್ರಿ ಮಾಸ್ತರ ಎಂದು ಮತ್ತೆ ಕೇಳುತ್ತಾಳೆ. ನೀನು ಅಲ್ಲೇ ಇರು ಮಾಯವ್ವಾ, ನನ್ನ ಮುಖ ನೋಡುತ್ತಿರು.

ಇತ್ತವ್ವಾ ಎನ್ನುತ್ತೇನೆ.